ಪದ ಪರಿಚಯ: ಪೈಲಟ್ ಸಂಚಿಕೆ ಮತ್ತು ವಂಡರ್ ವುಮನ್ ಟಿವಿಗೆ ಬಂದ ದಾರಿ

ಅಮೆರಿಕದ ಟಿವಿ ಉದ್ಯಮದಲ್ಲಿ ಪೈಲಟ್ ಎಂದರೆ, ಒಂದು ಧಾರಾವಾಹಿಗೆ ಪೂರ್ತಿ ಹಣ ಹೂಡುವ ಮೊದಲು ಅದು ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ನೋಡಿ ತೀರ್ಮಾನಿಸುವುದಕ್ಕಾಗಿ ತಯಾರಿಸುವ ಮಾದರಿ ಸಂಚಿಕೆ. ಅಲ್ಲಿನ ದೊಡ್ಡ ವಾಹಿನಿಗಳ ಹಳೆಯ ಪದ್ಧತಿಯಂತೆ, ನಿರ್ಮಾಪಕರು ತಂದ ಕಥೆಗಳಲ್ಲಿ ಕೆಲವಕ್ಕೆ ಮಾತ್ರ ಚಿತ್ರಕಥೆ ಬರೆಸಲಾಗುತ್ತದೆ. ಬರೆದವುಗಳಲ್ಲಿ ಇನ್ನೂ ಕೆಲವನ್ನು ಆರಿಸಿ ಚಿತ್ರೀಕರಿಸಲಾಗುತ್ತದೆ. ಚಿತ್ರೀಕರಿಸಿದವುಗಳಲ್ಲಿ ಒಂದಷ್ಟು ಮಾತ್ರ ಮೇ ತಿಂಗಳಲ್ಲಿ ಜಾಹೀರಾತುದಾರರ ಮುಂದೆ ಘೋಷಣೆಯಾಗಿ, ಅದೇ ವರ್ಷದ ಶರತ್ಕಾಲದ ವೇಳಾಪಟ್ಟಿಗೆ ಸೇರುತ್ತವೆ. ಉಳಿದವು ಪ್ರಸಾರ ಕಾಣದೆ ಕಪಾಟು ಸೇರುತ್ತವೆ. ಹೀಗಾಗಿ ಪೈಲಟ್‌ನ ಮೊದಲ ಪ್ರೇಕ್ಷಕರು ವಾಹಿನಿಯ ಅಧಿಕಾರಿಗಳೇ ಹೊರತು ಮನೆಯಲ್ಲಿ ಕುಳಿತ ನಾವು ನೀವಲ್ಲ ಎಂಬುದನ್ನು ಈ ಪದದ ಜೊತೆಗೇ ನೆನಪಿಟ್ಟುಕೊಳ್ಳಬೇಕು.

ಹಳೆಯ ಕಾಮಿಕ್ಸ್‌ನ ನಾಯಕಿಯೊಬ್ಬಳನ್ನು ಈ ಕಾಲದ ಟಿವಿಗೆ ತರುವಾಗ ಪೈಲಟ್‌ನ ಹೊಣೆ ಇಮ್ಮಡಿಯಾಗುತ್ತದೆ. ಹೊಸ ಕಥೆಯೊಂದರ ಪೈಲಟ್ ಯಾರಿಗೂ ಗೊತ್ತಿಲ್ಲದ ಪಾತ್ರವನ್ನು ಪರಿಚಯಿಸಿದರೆ ಸಾಕು. ಇಲ್ಲಾದರೋ ಓದುಗರಿಗೆ ದಶಕಗಳಿಂದ ಗೊತ್ತಿರುವ ಪಾತ್ರದಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವನ್ನು ಒಂದು ಗಂಟೆಯೊಳಗೆ ತೋರಿಸಿಬಿಡಬೇಕು. ಇದಕ್ಕೆ ವಂಡರ್ ವುಮನ್‌ಗಿಂತ ಒಳ್ಳೆಯ ನಿದರ್ಶನ ನನಗೆ ಕಾಣುವುದಿಲ್ಲ. 1967ರಿಂದ 2011ರವರೆಗೆ ಅವಳ ಹೆಸರಿನಲ್ಲಿ ನಾಲ್ಕು ಮಾದರಿಗಳು ಚಿತ್ರೀಕರಣಗೊಂಡವು. ಅವುಗಳಲ್ಲಿ ಧಾರಾವಾಹಿಯಾಗಿ ಬೆಳೆದದ್ದು ಒಂದೇ.

ವಂಡರ್ ವುಮನ್ ಮೊದಲು ಕಾಣಿಸಿಕೊಂಡದ್ದು 1941ರಲ್ಲಿ, ‘ಆಲ್ ಸ್ಟಾರ್ ಕಾಮಿಕ್ಸ್’ ಪತ್ರಿಕೆಯ 8ನೇ ಸಂಚಿಕೆಯಲ್ಲಿ. ಅವಳನ್ನು ಕಲ್ಪಿಸಿದ ವಿಲಿಯಂ ಮೌಲ್ಟನ್ ಮಾರ್ಸ್ಟನ್ ವೃತ್ತಿಯಿಂದ ಮನೋವಿಜ್ಞಾನಿ. ರಕ್ತದೊತ್ತಡದ ಏರಿಳಿತದಿಂದ ಸುಳ್ಳನ್ನು ಗುರುತಿಸುವ ಪರೀಕ್ಷೆಯನ್ನು ರೂಪಿಸಿದವರಲ್ಲಿ ಒಬ್ಬರು. ಚಿತ್ರ ಬರೆದವರು ಎಚ್. ಜಿ. ಪೀಟರ್. ಗಂಡಸರು ಕಾಲಿಡದ ಪ್ಯಾರಡೈಸ್ ದ್ವೀಪದಲ್ಲಿ ಅಮೆಜಾನ್ ಸ್ತ್ರೀಯರ ನಡುವೆ ಬೆಳೆದ ರಾಜಕುಮಾರಿ ಡಯಾನಾ, ವಿಮಾನ ಅಪಘಾತದಲ್ಲಿ ಅಲ್ಲಿಗೆ ಬಂದು ಬಿದ್ದ ಅಮೆರಿಕದ ಸೇನಾಧಿಕಾರಿ ಸ್ಟೀವ್ ಟ್ರೆವರ್‌ನನ್ನು ಉಪಚರಿಸುತ್ತಾಳೆ. ಅವನನ್ನು ಅವನ ನಾಡಿಗೆ ಮುಟ್ಟಿಸಿ ಯುದ್ಧದಲ್ಲಿ ನೆರವಾಗಬಲ್ಲವಳು ಯಾರು ಎಂದು ತಿಳಿಯಲು ರಾಣಿ ಹಿಪ್ಪೊಲಿಟಾ ಸ್ಪರ್ಧೆಯೊಂದನ್ನು ಏರ್ಪಡಿಸುತ್ತಾಳೆ, ಮಗಳು ಮಾತ್ರ ಭಾಗವಹಿಸಕೂಡದು ಎನ್ನುತ್ತಾಳೆ. ಡಯಾನಾ ಮುಖ ಮರೆಸಿಕೊಂಡು ಸ್ಪರ್ಧೆಗಿಳಿದು ಗೆದ್ದು ವಂಡರ್ ವುಮನ್ ಆಗುತ್ತಾಳೆ. ಗುಂಡನ್ನು ತಡೆಯುವ ಕಡಗ, ಕಟ್ಟಿಸಿಕೊಂಡವರನ್ನು ಮಣಿಸುವ ಚಿನ್ನದ ಹಗ್ಗ, ಕಣ್ಣಿಗೆ ಕಾಣದ ವಿಮಾನ ಇವೆಲ್ಲ ಎಲ್ಲರಿಗೂ ನೆನಪಿರುತ್ತವೆ. ಆದರೆ ಪಾತ್ರದ ಬೇರು ಇರುವುದು ತಾಯಿಯ ಮಾತನ್ನು ಮೀರಿ, ಸುಖದ ನಾಡನ್ನು ಬಿಟ್ಟು, ತನಗೆ ಸಂಬಂಧವಿಲ್ಲದವರ ಸಂಕಟದ ಕಡೆಗೆ ಅವಳು ತಾನಾಗಿ ಹೆಜ್ಜೆ ಇಡುವ ಆ ನಿರ್ಧಾರದಲ್ಲಿ. ನಾಲ್ಕು ಪೈಲಟ್‌ಗಳನ್ನು ಈ ಒಂದು ನಿರ್ಧಾರಕ್ಕೆ ಅವು ಕೊಟ್ಟ ಸ್ಥಾನದಿಂದ ಅಳೆದರೆ ಅವುಗಳ ಹಣೆಬರಹ ಬಹುಮಟ್ಟಿಗೆ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

1967ರ ಮೊದಲ ಯತ್ನ ಪೂರ್ಣ ಸಂಚಿಕೆಯೂ ಅಲ್ಲ, ಸುಮಾರು ಐದು ನಿಮಿಷಗಳ ತುಣುಕು. ಪೂರ್ತಿ ಪೈಲಟ್‌ಗೆ ಹಣ ಕೇಳುವ ಮೊದಲು ಕಲ್ಪನೆಯ ರುಚಿ ತೋರಿಸಲು ಇಂಥ ತುಣುಕುಗಳನ್ನು ಮಾಡುವುದಿತ್ತು. ಹಿಂದಿನ ವರ್ಷವಷ್ಟೇ ‘ಬ್ಯಾಟ್‌ಮ್ಯಾನ್’ ಧಾರಾವಾಹಿಯನ್ನು ಹಾಸ್ಯದ ಧಾಟಿಯಲ್ಲಿ ಗೆಲ್ಲಿಸಿದ್ದ ನಿರ್ಮಾಪಕ ವಿಲಿಯಂ ಡೋಜಿಯರ್ ಅದೇ ಧಾಟಿಯನ್ನು ಇಲ್ಲಿಯೂ ಹಿಡಿದರು. ಇದರ ಡಯಾನಾ ತಾಯಿಯ ಗೊಣಗಾಟ ಕೇಳುತ್ತಾ ಮನೆಯಲ್ಲಿರುವ ಸಾಧಾರಣ ಹುಡುಗಿ. ಕನ್ನಡಿಯ ಮುಂದೆ ನಿಂತಾಗ ಮಾತ್ರ ತನ್ನನ್ನು ಅಪ್ರತಿಮ ಸುಂದರಿಯಾಗಿ ಕಾಣುತ್ತಾಳೆ. ಡಯಾನಾ ಪಾತ್ರದಲ್ಲಿ ಎಲಿ ವುಡ್ ವಾಕರ್, ಕನ್ನಡಿಯೊಳಗಿನ ಬಿಂಬವಾಗಿ ಲಿಂಡಾ ಹ್ಯಾರಿಸನ್ ನಟಿಸಿದ್ದರು. ನಾಯಕಿ ತನ್ನ ಬಗ್ಗೆ ತಾನೇ ಭ್ರಮೆಯಲ್ಲಿದ್ದಾಳೆ ಎಂಬುದೇ ಅದರ ನಗೆಯ ಮೂಲ. ಬ್ಯಾಟ್‌ಮ್ಯಾನ್‌ನಲ್ಲಿ ನಗು ಹುಟ್ಟುತ್ತಿದ್ದುದು ನಾಯಕನ ಅತಿಯಾದ ಗಾಂಭೀರ್ಯದಿಂದ. ಅಲ್ಲಿ ಅವನ ಸಾಮರ್ಥ್ಯವನ್ನು ಯಾರೂ ಶಂಕಿಸುತ್ತಿರಲಿಲ್ಲ. ಇಲ್ಲಿ ನಗೆಗೆ ಗುರಿಯಾದದ್ದು ಹೆಣ್ಣಿನ ರೂಪ ಮತ್ತು ಆತ್ಮವಿಶ್ವಾಸ. ಆ ತುಣುಕು ಪ್ರಸಾರವಾಗಲಿಲ್ಲ, ಮುಂದುವರಿಯಲೂ ಇಲ್ಲ.

ಎರಡನೆಯದು 1974ರ ಮಾರ್ಚ್‌ನಲ್ಲಿ ಎಬಿಸಿ ವಾಹಿನಿಯಲ್ಲಿ ಬಂದ ಟಿವಿ ಚಿತ್ರ. ಪೈಲಟ್ಟನ್ನು ಪೂರ್ಣ ಪ್ರಮಾಣದ ಚಿತ್ರವಾಗಿ ಮಾಡಿದರೆ ಧಾರಾವಾಹಿ ಮುಂದುವರಿಯದಿದ್ದರೂ ಒಂದು ರಾತ್ರಿಯ ಕಾರ್ಯಕ್ರಮವಾದರೂ ದಕ್ಕುತ್ತದೆ ಎಂಬ ಲೆಕ್ಕಾಚಾರ ಆ ದಶಕದಲ್ಲಿ ಸಾಮಾನ್ಯವಾಗಿತ್ತು. ಕ್ಯಾತಿ ಲೀ ಕ್ರಾಸ್ಬಿ ಅಭಿನಯಿಸಿದ ಈ ವಂಡರ್ ವುಮನ್ ಹೊಂಬಣ್ಣದ ಕೂದಲಿನ ಗೂಢಚಾರಿಣಿ. ಅತಿಮಾನುಷ ಶಕ್ತಿಗಿಂತ ಜಾಣ್ಮೆ ಮತ್ತು ಚುರುಕುತನವನ್ನೇ ನೆಚ್ಚಿದವಳು. ಇದಕ್ಕೆ ಆಧಾರ ಕಾಮಿಕ್ಸ್‌ನಲ್ಲೇ ಇತ್ತು. 1968ರಲ್ಲಿ ಪ್ರಕಾಶಕರು ಕಾಲಕ್ಕೆ ತಕ್ಕಂತೆ ಮಾಡುವ ಉದ್ದೇಶದಿಂದ ಡಯಾನಾಳ ಶಕ್ತಿಗಳನ್ನೂ ವೇಷವನ್ನೂ ತೆಗೆದುಹಾಕಿ, ಅವಳನ್ನು ಫ್ಯಾಷನ್ ಉಡುಪಿನ ಸಮರಕಲಾ ನಿಪುಣೆಯನ್ನಾಗಿ ಬದಲಿಸಿದ್ದರು. ಆದರೆ 1972ರಲ್ಲಿ ಸ್ತ್ರೀವಾದಿ ಲೇಖಕಿ ಗ್ಲೋರಿಯಾ ಸ್ಟೈನಮ್ ಮತ್ತು ಅವರ ಸಂಗಾತಿಗಳ ‘ಮಿಸ್’ (Ms.) ಪತ್ರಿಕೆಯ ಮುಖಪುಟದಲ್ಲಿ ರಾರಾಜಿಸಿದವಳು ಆ ಹೊಸ ಡಯಾನಾ ಅಲ್ಲ, ಹಳೆಯ ವೇಷದ ವಂಡರ್ ವುಮನ್. 1973ರ ಆರಂಭಕ್ಕೆ ಕಾಮಿಕ್ಸ್ ಕೂಡ ಅವಳ ಶಕ್ತಿಯನ್ನು ಮರಳಿ ಕೊಟ್ಟಿತು. ಅಂದರೆ ಓದುಗರೂ ಪ್ರಕಾಶಕರೂ ಹಿಂದಕ್ಕೆ ಬಿಟ್ಟಿದ್ದ ರೂಪವನ್ನು ಟಿವಿ ಮರುವರ್ಷ ಆಧುನಿಕವೆಂದು ತೋರಿಸಿತು. ದ್ವೀಪದಿಂದ ಬೀಳ್ಕೊಡುವ ದೃಶ್ಯ ಆ ಚಿತ್ರದ ಮೊದಲಲ್ಲಿ ಬಂದು ಬೇಗನೆ ಮುಗಿದುಹೋಗುತ್ತದೆ; ಬಳಿಕ ಅವಳು ಬೇರೆ ಯಾವ ಪತ್ತೇದಾರಿ ಕಥೆಯಲ್ಲಾದರೂ ಇರಬಹುದಾಗಿದ್ದ ಹೆಣ್ಣಾಗಿಬಿಡುತ್ತಾಳೆ.

ಎಬಿಸಿ ಕೈಬಿಡಲಿಲ್ಲ. 1975ರ ನವೆಂಬರ್ 7ರಂದು ಮತ್ತೊಂದು ಪೈಲಟ್ ಚಿತ್ರ ಪ್ರಸಾರವಾಯಿತು; ಹಿಂದಿನದರಿಂದ ಬೇರೆ ಎಂದು ಸಾರಲು ಅದಕ್ಕೆ ‘ದಿ ನ್ಯೂ ಒರಿಜಿನಲ್ ವಂಡರ್ ವುಮನ್’ ಎಂಬ ವಿಚಿತ್ರ ಹೆಸರನ್ನೇ ಇಡಲಾಗಿತ್ತು. ಚಿತ್ರಕಥೆ ಬರೆದ ಸ್ಟ್ಯಾನ್ಲಿ ರಾಲ್ಫ್ ರಾಸ್ 1967ರ ತುಣುಕಿನಲ್ಲೂ ಕೆಲಸ ಮಾಡಿದ್ದವರು. ಈ ಸಲ ಅವರು ಮಾರ್ಸ್ಟನ್ ಅವರ ಕಥೆಗೇ ಮರಳಿದರು. ಕಾಲ 1942, ಎರಡನೆಯ ಮಹಾಯುದ್ಧ, ನಾಜಿಗಳ ವಿಮಾನದೊಂದಿಗೆ ಕಾದಾಡಿ ದ್ವೀಪಕ್ಕೆ ಬಂದು ಬೀಳುವ ಸ್ಟೀವ್, ರಾಣಿಯ ನಿಷೇಧ, ವೇಷ ಮರೆಸಿಕೊಂಡ ರಾಜಕುಮಾರಿ, ಪರಸ್ಪರ ಗುಂಡು ಹಾರಿಸಿ ಕಡಗದಿಂದ ತಡೆಯುವ ಕೊನೆಯ ಸುತ್ತು. ವಾಷಿಂಗ್ಟನ್‌ಗೆ ಬಂದ ಮೇಲೆ ಹಣ ಬೇಕಾದಾಗ ಅವಳು ರಂಗದ ಮೇಲೆ ಗುಂಡು ತಡೆಯುವ ಪ್ರದರ್ಶನ ಕೊಡುವ ಪ್ರಸಂಗವೂ ಹಳೆಯ ಕಾಮಿಕ್ಸ್‌ನಿಂದಲೇ ಬಂದದ್ದು. ಹೆಸರುಪಟ್ಟಿಯನ್ನು ಕಾಮಿಕ್ಸ್ ಪುಟದ ಚೌಕಗಳಂತೆ ಬರೆಸಿ, ತನ್ನ ಮೂಲದ ಬಗ್ಗೆ ತನಗೆ ಸಂಕೋಚವಿಲ್ಲ ಎಂದು ಚಿತ್ರ ಮೊದಲ ನಿಮಿಷದಲ್ಲೇ ಹೇಳುತ್ತದೆ.

ಈ ಪೈಲಟ್‌ನ ಗೆಲುವಿಗೆ ಡಯಾನಾ ಪಾತ್ರ ಮಾಡಿದ ಲಿಂಡಾ ಕಾರ್ಟರ್ ಅವರ ಅಭಿನಯದ ರೀತಿಯೇ ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ. 1972ರ ಮಿಸ್ ವರ್ಲ್ಡ್ ಸ್ಪರ್ಧೆಯಲ್ಲಿ ಅಮೆರಿಕವನ್ನು ಪ್ರತಿನಿಧಿಸಿದ್ದ ಅವರು ಅಲ್ಲಿಯವರೆಗೆ ದೊಡ್ಡ ನಟಿಯೆಂದು ಹೆಸರಾದವರಲ್ಲ. ಸುತ್ತಲಿನ ಪಾತ್ರಗಳು ಹಾಸ್ಯದ ಅಂಚಿನಲ್ಲಿ ಆಡುತ್ತಿರುವಾಗಲೂ ಅವರು ಡಯಾನಾಳನ್ನು ಒಂದು ಕ್ಷಣವೂ ಗೇಲಿಯ ಕಣ್ಣಿನಿಂದ ನೋಡುವುದಿಲ್ಲ. ಎದುರಾಳಿಯನ್ನು ಎತ್ತಿ ಎಸೆಯುವಾಗಲೂ ಆ ಮುಖದಲ್ಲಿ ದ್ವೇಷವಿರುವುದಿಲ್ಲ. ಪರನಾಡಿನ ವಿಚಿತ್ರಗಳನ್ನು ಕಂಡಾಗ ಬೆರಗಿರುತ್ತದೆ, ಸುಳ್ಳು ಹೇಳುವವನನ್ನು ಕಂಡಾಗ ಮರುಕವಿರುತ್ತದೆ. ಬಲವೂ ಮಮತೆಯೂ ಒಂದೇ ದೇಹದಲ್ಲಿರಬೇಕು ಎಂಬ ಮಾರ್ಸ್ಟನ್ ಅವರ ಬಯಕೆ ಪುಟದಿಂದ ಪರದೆಗೆ ದಾಟಿದ್ದು ಇಲ್ಲಿ. ಇಷ್ಟಾದರೂ ವಾಹಿನಿ ಕೂಡಲೇ ಪೂರ್ಣ ಧಾರಾವಾಹಿಗೆ ಒಪ್ಪಲಿಲ್ಲ. 1976ರ ಏಪ್ರಿಲ್‌ನಲ್ಲಿ ಒಂದೊಂದು ಗಂಟೆಯ ಎರಡು ವಿಶೇಷ ಸಂಚಿಕೆಗಳನ್ನು ಹಾಕಿ ನೋಡಿ, ಆ ಬಳಿಕವೇ ಶರತ್ಕಾಲದಿಂದ ಮುಂದುವರಿಸಿತು.

ಮುಂದೆ ಎಬಿಸಿ ಹಿಂದೆ ಸರಿದಾಗ ಸಿಬಿಎಸ್ ವಾಹಿನಿ ಈ ಧಾರಾವಾಹಿಯನ್ನು ವಹಿಸಿಕೊಂಡು, 1977ರಿಂದ ಕಥೆಯನ್ನು ಸಮಕಾಲೀನ ಅಮೆರಿಕಕ್ಕೆ ತಂದಿತು. ಅಮೆಜಾನ್ ಸ್ತ್ರೀಗೆ ಮುಪ್ಪಿಲ್ಲವಾದ್ದರಿಂದ ಡಯಾನಾ ಹಾಗೆಯೇ ಉಳಿದಳು. ಮೊದಲು ಸ್ಟೀವ್ ಆಗಿದ್ದ ಲೈಲ್ ವ್ಯಾಗನರ್ ಅವರೇ ಈಗ ಅವನ ಮಗನ ಪಾತ್ರ ವಹಿಸಿದರು. 1979ರವರೆಗೆ, ಒಟ್ಟು ಮೂರು ಸೀಸನ್‌ಗಳು ನಡೆದವು. ಈ ನಡುವೆ ಕಾಮಿಕ್ಸ್ ಪತ್ರಿಕೆಯೇ ಟಿವಿಯನ್ನು ಹಿಂಬಾಲಿಸಿ, 1977ರಲ್ಲಿ ತನ್ನ ಕಥೆಗಳನ್ನು ಮಹಾಯುದ್ಧದ ಕಾಲಕ್ಕೆ ಕೊಂಡೊಯ್ದು, ಟಿವಿ ವರ್ತಮಾನಕ್ಕೆ ಬಂದ ಬಳಿಕ ತಾನೂ ವರ್ತಮಾನಕ್ಕೆ ಮರಳಿತು. ಡಯಾನಾ ಗಿರ್ರನೆ ತಿರುಗಿ ವಂಡರ್ ವುಮನ್ ಆಗುವ ಆ ಪ್ರಸಿದ್ಧ ಚಲನೆ ಹುಟ್ಟಿದ್ದೂ ಈ ಧಾರಾವಾಹಿಯಲ್ಲಿ, ಕಾರ್ಟರ್ ಅವರ ಸಲಹೆಯಿಂದ.

ನಾಲ್ಕನೆಯ ಯತ್ನ 2011ರದು. ವಕೀಲರ ಬದುಕಿನ ಜನಪ್ರಿಯ ಧಾರಾವಾಹಿಗಳನ್ನು ಬರೆದಿದ್ದ ಡೇವಿಡ್ ಇ. ಕೆಲ್ಲಿ ಎನ್‌ಬಿಸಿ ವಾಹಿನಿಗಾಗಿ ಬರೆದ ಈ ಪೈಲಟ್‌ನಲ್ಲಿ ಏಡ್ರಿಯನ್ ಪ್ಯಾಲಿಕಿ ನಾಯಕಿ. ಇಲ್ಲಿ ಡಯಾನಾ ಲಾಸ್ ಏಂಜಲೀಸ್‌ನಲ್ಲಿ ದೊಡ್ಡ ಕಂಪನಿಯೊಂದರ ಮುಖ್ಯಸ್ಥೆ, ಲೋಕಕ್ಕೆಲ್ಲ ಗೊತ್ತಿರುವ ವಂಡರ್ ವುಮನ್, ಮತ್ತು ಬೆಕ್ಕಿನೊಡನೆ ಒಂಟಿಯಾಗಿ ಕಾಲ ಕಳೆಯುವ ಡಯಾನಾ ಪ್ರಿನ್ಸ್. ಹೀಗೆ ಅವಳಿಗೆ ಮೂರು ಬಾಳು. ತನ್ನದೇ ಗೊಂಬೆಯ ಮೈಮಾಟವನ್ನು ಕಂಪನಿಯ ಸಭೆಯಲ್ಲಿ ಅವಳು ಆಕ್ಷೇಪಿಸುವ ದೃಶ್ಯವೂ ಇದೆ. ದುಡಿಯುವ ಹೆಣ್ಣಿನ ಹೊರಬಾಳು ಒಳಬಾಳುಗಳ ಬಿರುಕನ್ನು ಈ ಪಾತ್ರದ ಮೂಲಕ ಹೇಳಬೇಕೆಂಬ ಕೆಲ್ಲಿಯವರ ಆಸೆ ತಪ್ಪಾಗಿರಲಿಲ್ಲ. ಆ ಪ್ರಶ್ನೆ ನಿಜವಾದದ್ದೇ. ತೊಂದರೆಯಿದ್ದದ್ದು ಬೇರೆ ಕಡೆ. ದ್ವೀಪವನ್ನು ಬಿಟ್ಟು ಬಂದ ನಿರ್ಧಾರ ಕಥೆ ಶುರುವಾಗುವ ಮೊದಲೇ ಮುಗಿದುಹೋಗಿದೆ. ನಮಗೆ ಉಳಿಯುವುದು ಕಳೆದುಹೋದ ಪ್ರೇಮದ ಕೊರಗು ಮತ್ತು ಕೋಪ. ಆಸ್ಪತ್ರೆಯ ಹಾಸಿಗೆಯಲ್ಲಿರುವ ಶಂಕಿತನಿಗೆ ನೋವು ಕೊಟ್ಟು ಬಾಯಿ ಬಿಡಿಸುವ ಡಯಾನಾಳನ್ನು ಕಂಡಾಗ, ಸತ್ಯವನ್ನು ಹಿಂಸೆಯಿಲ್ಲದೆ ಹೊರಡಿಸುವುದಕ್ಕೇ ಅಲ್ಲವೇ ಅವಳಿಗೆ ಆ ಚಿನ್ನದ ಹಗ್ಗವಿದ್ದದ್ದು ಎಂದು ಕೇಳಬೇಕೆನಿಸುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ಎನ್‌ಬಿಸಿ ಅದನ್ನು ತಿರಸ್ಕರಿಸಿತು. ಚಿತ್ರೀಕರಣದ ವೇಳೆ ಹೊರಬಂದ ಫೋಟೋಗಳಲ್ಲಿನ ಉದ್ದ ಪ್ಯಾಂಟಿನ ಬಗ್ಗೆ ಅಭಿಮಾನಿಗಳು ಬಹಳ ಜಗಳವಾಡಿದ್ದರು, ಆದರೆ ಉಡುಪು ಅಲ್ಲಿ ಚಿಕ್ಕ ವಿಷಯವಾಗಿತ್ತು.

ಕಥೆಯ ಸನ್ನಿವೇಶ ಹೇಗೆ ಹುಟ್ಟಿತು ಎಂಬುದನ್ನೇ ತೋರಿಸುವ ಪೈಲಟ್‌ಗೆ ಉದ್ಯಮದಲ್ಲಿ ‘ಪ್ರೆಮಿಸ್ ಪೈಲಟ್’ ಎನ್ನುತ್ತಾರೆ. 1975ರದು ಅಂಥದ್ದು, 2011ರದು ಈಗಾಗಲೇ ನಡೆಯುತ್ತಿರುವ ಬದುಕಿನ ಮಧ್ಯಕ್ಕೆ ನೇರವಾಗಿ ಇಳಿಯುವ ಬಗೆಯದು. ಎರಡನೆಯ ಬಗೆ ಕೀಳೆಂದಲ್ಲ; ಪೊಲೀಸರ ಅಥವಾ ವೈದ್ಯರ ಧಾರಾವಾಹಿಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಹಳೆಯ ಕಾಮಿಕ್ಸ್ ನಾಯಕಿಗೆ ಮೊದಲನೆಯದು ಹೆಚ್ಚು ಹೊಂದುತ್ತದೆ ಎನ್ನಲು 2015ರ ‘ಸೂಪರ್‌ಗರ್ಲ್’ ಧಾರಾವಾಹಿ ಇನ್ನೊಂದು ಆಧಾರ. 1959ರ ಮೂಲ ಕಾಮಿಕ್ಸ್‌ನಲ್ಲಿ ಸೂಪರ್‌ಗರ್ಲ್ ಆದ ಕಾರಾಳನ್ನು ಅವಳ ಸೋದರಬಂಧು ಸೂಪರ್‌ಮ್ಯಾನ್ ಅನಾಥಾಶ್ರಮದಲ್ಲಿ ಗುಟ್ಟಾಗಿ ಇರಿಸುತ್ತಾನೆ. 1962ರಲ್ಲಿ ಲೋಕಕ್ಕೆ ಪರಿಚಯಿಸುವವನೂ ಅವನೇ. ಸಿಬಿಎಸ್ ಪೈಲಟ್ ಅಡಗಿ ಬಾಳುವುದನ್ನು ಉಳಿಸಿಕೊಂಡು, ಹೊರಬರುವ ಗಳಿಗೆಯನ್ನು ಅವಳ ಕೈಗೆ ಕೊಟ್ಟಿತು: ಸಾಕುತಂಗಿಯಂತೆ ಬೆಳೆದ ಮನೆಯ ಅಕ್ಕ ಅಲೆಕ್ಸ್ ಇರುವ ವಿಮಾನ ಬೀಳುವಂತಾದಾಗ, ಮೆಲಿಸ್ಸಾ ಬೆನೊಯ್ಸ್ಟ್ ಅಭಿನಯಿಸಿದ ಕಾರಾ ಯಾರನ್ನೂ ಕೇಳದೆ ಹಾರುತ್ತಾಳೆ. ಧಾರಾವಾಹಿ ಎರಡನೆಯ ಸೀಸನ್‌ನಿಂದ ಸಿಡಬ್ಲ್ಯು ವಾಹಿನಿಗೆ ಹೋಗಿ, 2021ರವರೆಗೆ ಆರು ಸೀಸನ್ ನಡೆಯಿತು. ಅದರಲ್ಲಿ ಅಮೆರಿಕದ ಅಧ್ಯಕ್ಷೆಯ ಪಾತ್ರದಲ್ಲಿ ಲಿಂಡಾ ಕಾರ್ಟರ್ ಅವರೇ ಕಾಣಿಸಿಕೊಂಡರು.

ಈ ಪದದ ಕುಟುಂಬದಲ್ಲಿ ‘ಬ್ಯಾಕ್‌ಡೋರ್ ಪೈಲಟ್’ ಎಂಬುದೂ ಇದೆ: ನಡೆಯುತ್ತಿರುವ ಧಾರಾವಾಹಿಯ ಒಂದು ಸಂಚಿಕೆಯನ್ನೇ ಹೊಸ ಧಾರಾವಾಹಿಯ ಮಾದರಿಯಾಗಿ ಬಳಸುವುದು. 2020ರಲ್ಲಿ ‘ಆ್ಯರೋ’ ಧಾರಾವಾಹಿಯ ಕೊನೆಯ ಸೀಸನ್‌ನ ಒಂದು ಸಂಚಿಕೆ ನಾಯಕನ ಮಗಳು ಮಿಯಾ ಮತ್ತು ಅವಳ ಸಂಗಡಿಗರಾದ ‘ಕನೇರಿ’ ನಾಯಕಿಯರಿಗಾಗಿ ಹೀಗೆ ತಯಾರಾಗಿತ್ತು, ವಾಹಿನಿ ಮುಂದುವರಿಸಲಿಲ್ಲ. ಸ್ಟ್ರೀಮಿಂಗ್ ಸೇವೆಗಳು ಬಂದ ಮೇಲೆ ಪೈಲಟ್ ಇಲ್ಲದೆಯೇ ಪೂರ್ಣ ಸೀಸನ್‌ಗೆ ಒಪ್ಪಿಗೆ ಕೊಡುವ ಪದ್ಧತಿಯೂ ಬೆಳೆದಿದೆ. ಚಿತ್ರಕಥೆಗಾರ್ತಿ ಮೆಲಿಸ್ಸಾ ರೋಸೆನ್‌ಬರ್ಗ್ ಅವರು ಕಾಮಿಕ್ಸ್ ನಾಯಕಿ ಜೆಸ್ಸಿಕಾ ಜೋನ್ಸ್‌ಳ ಕಥೆಯನ್ನು ಮೊದಲು ಎಬಿಸಿಗಾಗಿ ಸಿದ್ಧಪಡಿಸಿದ್ದರು, ವಾಹಿನಿ ಬೇಡವೆಂದಿತು; 2015ರಲ್ಲಿ ಅದೇ ಪಾತ್ರ ನೆಟ್‌ಫ್ಲಿಕ್ಸ್‌ನಲ್ಲಿ 13 ಸಂಚಿಕೆಗಳ ಸೀಸನ್ ಆಗಿ ಬಂತು. ನಾಯಕಿಯ ನಿರ್ಧಾರವನ್ನು ಒಂದು ಗಂಟೆಯಲ್ಲಿ ಅಡಕಗೊಳಿಸಬೇಕಾದ ಒತ್ತಡ ಅಲ್ಲಿಲ್ಲ. ತನ್ನನ್ನು ಹಿಂಸಿಸಿದವನಿಂದ ಓಡಿಹೋಗುವುದೋ, ನಿಂತು ಎದುರಿಸುವುದೋ ಎಂಬ ಜೆಸ್ಸಿಕಾಳ ತೀರ್ಮಾನ ಮೊದಲ ಸಂಚಿಕೆಯ ಕೊನೆಗೆ ಬರುತ್ತದೆ, ಅದರ ಬೆಲೆ ತೆರುವುದಕ್ಕೆ ಉಳಿದ ಹನ್ನೆರಡು ಸಂಚಿಕೆಗಳಿರುತ್ತವೆ.