‘ಸೈಫರ್’ ಯಾರ ಮಾತು? ಬ್ರೇಕಿಂಗ್ ಕಲಿಯುವ ಹುಡುಗರ ಪದಗಳ ಊರು ಕೇರಿ

ಓದುಗರ ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವ ಕನ್ನಡದವರು. ಮಗ ಒಂಬತ್ತನೇ ಕ್ಲಾಸು, ಬ್ರೇಕಿಂಗ್ ಎಂಬ ಕುಣಿತ ಕಲಿಯುತ್ತಿದ್ದಾನೆ. ಮನೆಯಲ್ಲೂ ಅದೇ ಭಾಷೆ: ಸೈಫರ್, ಬೈಟಿಂಗ್, ಬ್ಯಾಟಲ್, ಫ್ರೀಜ್. ‘ಬ್ರೇಕ್ ಡ್ಯಾನ್ಸ್’ ಅಂದರೆ ಸಿಟ್ಟಾಗುತ್ತಾನೆ. ಈಚೆಗೆ ಅವನ ಸ್ನೇಹಿತನೊಬ್ಬ, ‘ಇವೆಲ್ಲ ಅಮೆರಿಕದ ಕಪ್ಪು ಜನರ ಮಾತು, ನಾವು ಆಡಬಾರದು’ ಅಂದನಂತೆ. ಈ ಪದಗಳು ಎಲ್ಲಿಂದ ಬಂದವು? ಯಾರ ಸೊತ್ತು? ನಮ್ಮ ಹುಡುಗರು ಬಳಸಿದರೆ ತಪ್ಪಾ?

ಉತ್ತರ: ತಪ್ಪಲ್ಲ, ಬಳಸಬಹುದು. ಆದರೆ ಎಲ್ಲ ಪದಗಳಿಗೂ ಈ ಮಾತು ಸಲ್ಲುವುದಿಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಮಗನ ಸಿಟ್ಟಿನ ವಿಷಯ. ಅದರಲ್ಲಿ ನ್ಯಾಯ ಇದೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ಕಟ್ಟಡದಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ ಒಂದು ಪಾರ್ಟಿ ಇಟ್ಟಳು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ನಾಲ್ಕು ಕಾಸು ಕೂಡಿಸುವುದು ಅವಳ ಲೆಕ್ಕ. ರೆಕಾರ್ಡ್ ಹಾಕಿದವನು ಅವಳ ಅಣ್ಣ ಕ್ಲೈವ್, ಅಂದರೆ ಡಿಜೆ ಕೂಲ್ ಹರ್ಕ್. ಜಮೈಕಾದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಬ್ರಾಂಕ್ಸ್‌ಗೆ ಬಂದವನು. ಹಾಡುವವರು ಸುಮ್ಮನಾಗಿ ಬರೀ ಡ್ರಮ್ಮು ಬಾರಿಸುವ ಜಾಗ ಇರುತ್ತದಲ್ಲ, ಅಲ್ಲಿ ಜನ ಜಾಸ್ತಿ ಕುಣಿಯುತ್ತಾರೆ ಅನ್ನುವುದು ಅವನ ಕಣ್ಣಿಗೆ ಬಿದ್ದಿತ್ತು. ಆ ಜಾಗಕ್ಕೆ ‘ಬ್ರೇಕ್’ ಅಂತ ಹೆಸರು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಅವನು ಆ ಬ್ರೇಕನ್ನು ಎಳೆದು ಎಳೆದು ಉದ್ದ ಮಾಡಿದ. ಆ ಹೊತ್ತಿಗೆ ನುಗ್ಗಿ ಕುಣಿಯುವವರನ್ನು ಬಿ-ಬಾಯ್, ಬಿ-ಗರ್ಲ್ ಎಂದು ಕರೆದ. ಕುಣಿತಕ್ಕೆ ‘ಬ್ರೇಕಿಂಗ್’ ಎಂಬ ಹೆಸರೂ ಅಲ್ಲಿಂದಲೇ.

‘ಬ್ರೇಕ್ ಡ್ಯಾನ್ಸ್’ ಅನ್ನುವುದು 80ರ ದಶಕದಲ್ಲಿ ಪೇಪರಿನವರು, ಟಿವಿಯವರು ಹರಡಿದ ಹೆಸರು. ಅದೇ ಹೆಸರು ಸಿನಿಮಾ ಹತ್ತಿ ಮುಂಬೈಗೂ ಬಂತು, ನಮ್ಮೂರಿನ ಗಣೇಶೋತ್ಸವಕ್ಕೂ ಬಂತು. ಆಗ ಕೈಕಾಲು ಕರೆಂಟು ಹೊಡೆದ ಹಾಗೆ ಅಲುಗಾಡಿಸಿದರೆ ಸಾಕು, ಅದು ‘ಬ್ರೇಕ್’! ನಿಜವಾಗಿ ಆ ಕರೆಂಟಿನ ಕುಣಿತ ಪಾಪಿಂಗ್. ಅದು ಅಮೆರಿಕದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾದ್ದು. ಫ್ರೆಸ್ನೋ ಊರಿನ ಬೂಗಲೂ ಸ್ಯಾಮ್ ಮತ್ತು ಅವನ ಗೆಳೆಯರು 70ರ ದಶಕದ ಕೊನೆಯಲ್ಲಿ ಅದನ್ನು ಬೆಳೆಸಿದರು. ಯಕ್ಷಗಾನ, ಡೊಳ್ಳು ಕುಣಿತ ಎರಡನ್ನೂ ಯಾರೋ ‘ಸೌತ್ ಇಂಡಿಯನ್ ಡ್ಯಾನ್ಸ್’ ಅಂದುಬಿಟ್ಟರೆ ನಮಗೆ ಹೇಗಾಗುತ್ತದೆ? ನಿಮ್ಮ ಕನ್ನಡ ಸಂಘದ ಆಹ್ವಾನ ಪತ್ರಿಕೆಯಲ್ಲಿ ‘ಬ್ರೇಕಿಂಗ್’ ಅಂತಲೇ ಅಚ್ಚು ಹಾಕಿಸಿ. ಅಕ್ಷರವೂ ಕಡಿಮೆ.

ಇನ್ನು ಸ್ನೇಹಿತನ ಮಾತು. ಅರ್ಧ ಸರಿ. ಈ ಕಲೆ ಬಡ ಕಪ್ಪು ಜನರ ಕೇರಿಯಲ್ಲಿ ಹುಟ್ಟಿದ್ದು ಹೌದು. ಆದರೆ 70ರ ದಶಕದ ಕೊನೆಗೆ ಅಲ್ಲಿನ ಕಪ್ಪು ಹುಡುಗರಲ್ಲಿ ಅನೇಕರು ಇದನ್ನು ಬಿಟ್ಟಾಗ, ಕೈಬಿಡದೆ ಮುಂದುವರಿಸಿದವರಲ್ಲಿ ಪೋರ್ಟೊ ರಿಕೋ ಮೂಲದ ಹುಡುಗರು ಬಹಳ. 1977ರಲ್ಲಿ ಬ್ರಾಂಕ್ಸ್‌ನಲ್ಲಿ ಶುರುವಾದ ರಾಕ್ ಸ್ಟೆಡಿ ಕ್ರೂ ಗುಂಪಿಗೆ ಜೀವ ತುಂಬಿದ ಕ್ರೇಜಿ ಲೆಗ್ಸ್ ಅಂಥವನೇ. ನಿಮ್ಮ ಮಗ ಬೆನ್ನ ಮೇಲೆ ಗಿರಗಿರ ತಿರುಗುವ ‘ವಿಂಡ್‌ಮಿಲ್’ ಇಂದಿನ ರೂಪಕ್ಕೆ ಬಂದದ್ದು ಅವನಿಂದ ಎನ್ನುತ್ತಾರೆ. ಜಮೈಕಾದ ಸೌಂಡ್ ಸಿಸ್ಟಮ್ (ಬೀದಿಯಲ್ಲಿ ದೊಡ್ಡ ಸ್ಪೀಕರ್ ಇಟ್ಟು ಹಾಡು ಹಾಕುವ ಪದ್ಧತಿ), ಅಮೆರಿಕದ ಹಾಡುಗಾರ ಜೇಮ್ಸ್ ಬ್ರೌನ್‌ನ ಕಾಲಿನ ಚಳಕ, ಹಾಂಗ್‌ಕಾಂಗಿನ ಕುಂಗ್‌ಫೂ ಸಿನಿಮಾ, ಎಲ್ಲ ಸೇರಿಯೇ ಈ ಕುಣಿತ. ಫ್ರೀಜ್ (ಕುಣಿಯುತ್ತಾ ತಟ್ಟನೆ ಕದಲದೆ ನಿಲ್ಲುವುದು), ಬ್ಯಾಟಲ್ (ಎದುರುಬದುರು ಪೈಪೋಟಿ), ಕ್ರೂ (ಗುಂಪು) ಇವೆಲ್ಲ ಮಾಮೂಲಿ ಇಂಗ್ಲಿಷ್ ಪದಗಳು. ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದ ಪದ ‘ಸೈಫರ್’. ಸುತ್ತ ನಿಂತು, ನಡುವೆ ಒಬ್ಬೊಬ್ಬರಾಗಿ ಬಂದು ಕುಣಿಯುವ ವೃತ್ತಕ್ಕೆ ಆ ಹೆಸರು. ಇದು ಕುಣಿತದವರು ಹುಟ್ಟಿಸಿದ ಪದವಲ್ಲ. ಒಂದು ಪಂಥದಿಂದ ಬಂದದ್ದು.

1964ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ ಕೇರಿಯಲ್ಲಿ ಕ್ಲಾರೆನ್ಸ್ 13ಎಕ್ಸ್ ಎಂಬಾತ ಕಪ್ಪು ಜನರ ನೇಷನ್ ಆಫ್ ಇಸ್ಲಾಂ ಸಂಘಟನೆಯಿಂದ ಹೊರಬಂದು ಬೀದಿ ಹುಡುಗರಿಗೆ ಪಾಠ ಹೇಳತೊಡಗಿದ. ಅವನ ಲೆಕ್ಕದಲ್ಲಿ ನೂರಕ್ಕೆ 85 ಜನ ಕಣ್ಣು ಮುಚ್ಚಿ ನಡೆಯುವವರು. 10 ಜನ ಸತ್ಯ ಗೊತ್ತಿದ್ದೂ ಮೋಸ ಮಾಡುವವರು. ಉಳಿದ 5 ಜನ ಸತ್ಯ ತಿಳಿದು ಹೇಳಿಕೊಡುವವರು. ಅದಕ್ಕೇ ಅವರು ‘ಫೈವ್ ಪರ್ಸೆಂಟರ್ಸ್’. ಅವರ ಪಾಠದಲ್ಲಿ ಒಂದೊಂದು ಅಂಕಿಗೂ ಒಂದೊಂದು ಅರ್ಥ. ಒಂದು ಅಂದರೆ ಜ್ಞಾನ, ಎರಡು ಅಂದರೆ ವಿವೇಕ, ಸೊನ್ನೆ ಅಂದರೆ ಸೈಫರ್, ಅಂದರೆ ಪೂರ್ಣ ವೃತ್ತ. ವೃತ್ತವಾಗಿ ನಿಂತು ಸರದಿ ಪ್ರಕಾರ ಪಾಠ ಒಪ್ಪಿಸುವುದಕ್ಕೂ ಅದೇ ಹೆಸರು. ನ್ಯೂಯಾರ್ಕಿನ ರ್‍ಯಾಪರ್‌ಗಳಲ್ಲಿ ಈ ಪಂಥದವರು ಅನೇಕರಿದ್ದರು. ರಕೀಮ್ ಅವರಲ್ಲಿ ದೊಡ್ಡ ಹೆಸರು. ಹೀಗೆ ಪದ ಪಂಥದಿಂದ ಹಾಡಿಗೆ, ಹಾಡಿನಿಂದ ಕುಣಿತಕ್ಕೆ ಜಾರಿತು. ಈಗ ಒಂದು ಎನರ್ಜಿ ಡ್ರಿಂಕ್ ಕಂಪನಿ ಭಾರತದಲ್ಲಿ ನಡೆಸುವ ಸ್ಪರ್ಧೆಯ ಹೆಸರಲ್ಲೂ ‘ಸೈಫರ್’ ಇದೆ. ಒಬ್ಬರ ಪೂಜೆಯ ಮಾತು ಇನ್ನೊಬ್ಬರ ಬ್ಯಾನರಿಗೆ ಬರಲು ಎಷ್ಟು ಹೊತ್ತು, ಅಲ್ವಾ?

ಇನ್ನೂ ಹಿಂದೆ ಹೋದರೆ ತಮಾಷೆ ಇದೆ. ನಮ್ಮವರ ‘ಶೂನ್ಯ’ವನ್ನು ಅರಬರು ‘ಸಿಫ್ರ್’ ಅಂದರು. ಖಾಲಿ ಅಂತ ಅರ್ಥ. ಅದು ಲ್ಯಾಟಿನ್ ದಾರಿ ಹಿಡಿದು ಯುರೋಪಿನಲ್ಲಿ ಸೈಫರ್ ಆಯಿತು. ‘ಝೀರೋ’ ಕೂಡ ಅದೇ ಬೇರಿನದು. ಮುಂಬೈಯ ಉರ್ದು ಶಾಲೆಯ ಮಕ್ಕಳು ಇವತ್ತಿಗೂ ಸೊನ್ನೆಗೆ ‘ಸಿಫರ್’ ಅನ್ನುತ್ತಾರೆ. ಹಾಗಾದರೆ ಸೈಫರ್ ನಮ್ಮದೇ ಅಂತ ಎದೆ ತಟ್ಟಿಕೊಳ್ಳೋಣವೇ? ಚಹಾ ಕುಡಿಯುತ್ತಾ ನಗಾಡಲು ಸರಿ, ವಾದಕ್ಕೆ ಬೇಡ. ಅರಬರು ನಮ್ಮಿಂದ ತಗೊಂಡದ್ದು ಲೆಕ್ಕದ ಸೊನ್ನೆ. ಅದಕ್ಕೆ ವೃತ್ತ, ಸರದಿ, ಎದುರಿನವನಿಗೆ ಜಾಗ ಬಿಡುವುದು ಎಂಬ ಅರ್ಥ ಕೊಟ್ಟವರು ಹಾರ್ಲೆಮ್‌ನ ಹುಡುಗರು. ನಿಮ್ಮ ಮಗ ಬಳಸುತ್ತಿರುವುದು ಅವರ ಅರ್ಥವನ್ನು.

ಸೊತ್ತಿನ ಪ್ರಶ್ನೆಗೆ ಆ ಹುಡುಗರ ನಿಘಂಟಿನಲ್ಲೇ ಉತ್ತರ ಇದೆ: ‘ಬೈಟಿಂಗ್’. ಬೇರೆಯವರ ಮೂವ್ ಕದ್ದು ತನ್ನದು ಅಂತ ತೋರಿಸುವುದು. ಬ್ರೇಕಿಂಗ್‌ನಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಎದುರಾಳಿ ಒಂದು ತೋಳಿನ ಮೇಲೆ ಇನ್ನೊಂದನ್ನು ಬಡಿದು ‘ಕಚ್ಚಿದೆ’ ಅಂತ ಸನ್ನೆ ಮಾಡುತ್ತಾನೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಇತ್ತಲ್ಲ, ಅಲ್ಲಿ ತೀರ್ಪುಗಾರರು ನೋಡಿದ ಐದು ಅಂಶಗಳಲ್ಲಿ ಸ್ವಂತಿಕೆ ಒಂದು. ಆದರೆ ಬೈಟಿಂಗ್ ತಪ್ಪು ಅಂದರೆ ಯಾರೂ ಯಾರಿಂದಲೂ ಕಲಿಯಬಾರದು ಅಂತಲ್ಲ. ಎಲ್ಲರೂ ನೆಲಕ್ಕೆ ಕೈಯೂರಿ ಸುತ್ತುವ ಸಿಕ್ಸ್ ಸ್ಟೆಪ್ ಕಲಿತೇ ಮುಂದೆ ಹೋಗುವುದು. ಬುನಾದಿ ಎಲ್ಲರದು. ಅದರ ಮೇಲೆ ಒಬ್ಬ ಸ್ವಂತವಾಗಿ ಕಟ್ಟಿದ್ದನ್ನು ಮಾತ್ರ ಮುಟ್ಟಬಾರದು. ಮುಟ್ಟಿದರೆ ಅವನ ಹೆಸರು ಹೇಳಬೇಕು. ಪದಗಳಿಗೂ ಇದೇ ನಿಯಮ ಸಾಕು ಅಂತ ನನ್ನ ಅಭಿಪ್ರಾಯ.

ಮುಂಬೈಯ ನಮಗೆ ಇದು ಅರ್ಥವಾಗುವುದು ಕಷ್ಟವಲ್ಲ. ನಮ್ಮದೂ ಒಂದು ಪದ ಈ ಊರಿನ ಬಾಯಲ್ಲಿದೆ: ‘ಅಣ್ಣಾ’. ತಮಿಳರೂ ತೆಲುಗರೂ ಅದರಲ್ಲಿ ಪಾಲುದಾರರು, ನಿಜ. ಆದರೆ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರಿಂದಲೇ ಈ ಊರಿನ ಬಹಳ ಜನ ಅದನ್ನು ಕಲಿತದ್ದು. ಮರಾಠಿಯವರು, ಗುಜರಾತಿಯವರು, ಟ್ಯಾಕ್ಸಿಯ ಭಯ್ಯಾ, ಎಲ್ಲರೂ ‘ಅಣ್ಣಾ, ಏಕ್ ಸಾದಾ ದೋಸಾ’ ಅನ್ನುತ್ತಾರೆ. ಮಾಟುಂಗಾದಲ್ಲಿ ಮೂವತ್ತು ವರ್ಷ ಪರಿಚಯ ಇರುವ ಗಿರಾಕಿ ಹಾಗೆ ಕರೆದರೆ ಖುಷಿಯೇ. ಅದೇ ಲೋಕಲ್ ಟ್ರೈನಿನಲ್ಲಿ ಒಬ್ಬ, ನಾವು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ, ಸಿನಿಮಾದ ಮದ್ರಾಸಿಯ ರಾಗ ಎಳೆದು ‘ಅಯ್ಯಯ್ಯೋ ಅಣ್ಣಾ’ ಅಂದರೆ? ಪದ ಅದೇ. ಮೊದಲನೆಯವನು ನಮ್ಮನ್ನು ಕರೆದ. ಎರಡನೆಯವನು ಆಡಿಕೊಂಡ. ಕೇಳಿಸಿಕೊಂಡವರಿಗೆ ಈ ವ್ಯತ್ಯಾಸ ತಿಳಿಯಲು ಅರೆಗಳಿಗೆ ಸಾಕು.

ಮಗನಿಗೆ ಇದನ್ನೇ ಹೇಳಿ. ಸೈಫರ್ ಅನ್ನಲಿ, ಬೈಟ್ ಅನ್ನಲಿ. ಆದರೆ ಬ್ರಾಂಕ್ಸ್‌ನ ಕಪ್ಪು ಹುಡುಗನ ಹಾಗೆ ನಾಲಿಗೆ ತಿರುಚಿ, ಕೈ ಬೀಸಿ ಮಾತಾಡುವ ವೇಷ ಬೇಡ. ಅವನ ಸ್ವಂತ ಮಾತೇ ಚೆನ್ನಾಗಿದೆ. ಮುಂಬೈಯ ಸೈಫರಿನಲ್ಲಿ ಒಳ್ಳೆ ಮೂವ್ ಬಿದ್ದರೆ ‘ಏಕ್ ನಂಬರ್!’ ಅಂತ ಕೂಗುತ್ತಾರೆ. ಇಲ್ಲಾ ‘ಕಡಕ್!’ ಅನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದ ರೊಟ್ಟಿಯೂ ಕಡಕ್, ಇರಾನಿಯ ಚಹಾವೂ ಕಡಕ್, ಈಗ ತಲೆಯ ಮೇಲೆ ತಿರುಗುವ ಹೆಡ್‌ಸ್ಪಿನ್ನೂ ಕಡಕ್. ಮಹಾನಗರ ಪಾಲಿಕೆಯೇ ಕನ್ನಡವೂ ಸೇರಿ ಎಂಟು ಭಾಷೆಯಲ್ಲಿ ಶಾಲೆ ನಡೆಸುವ ಊರು ಇದು. ಇಲ್ಲಿ ಬೆರಕೆ ಬೇಡ ಅನ್ನುವವರ ಮಾತು ಯಾರು ಕೇಳುತ್ತಾರೆ?

ಪೂರ್ತಿ ಬೇಡವೇ ಬೇಡ ಅನ್ನುವ ಒಂದು ಪದ ಇದೆ. ರ್‍ಯಾಪ್ ಹಾಡುಗಳಲ್ಲಿ ಬರುವ ‘ಎನ್’ ಪದ. ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡವರು ಹೀಯಾಳಿಸಿ ಕರೆದ ಹೆಸರು ಅದು. ಹೀಯಾಳಿಕೆಗೆ ಒಳಗಾದವರಲ್ಲಿ ಕೆಲವರು ಅದನ್ನು ತಮ್ಮತಮ್ಮಲ್ಲೇ ಸಲುಗೆಗೆ ಬಳಸುತ್ತಾರೆ. ಆ ಸಲುಗೆ ಹೊರಗಿನವರಿಗೆ ಇಲ್ಲ. ‘ಹಾಡಿನಲ್ಲಿದೆ, ಸುಮ್ನೆ ಹೇಳಿದೆ’ ಅಂದರೆ ಆಗದು. ನಮ್ಮಲ್ಲೂ ಜಾತಿಯ ಹೆಸರನ್ನೇ ಬೈಗುಳ ಮಾಡಿಕೊಂಡವರಿದ್ದಾರೆ. ಹಾಗಾಗಿ ಮನೆಯಲ್ಲಿ ಇದನ್ನು ಬಿಡಿಸಿ ಹೇಳಲು ಅಮೆರಿಕದ ತನಕ ಹೋಗಬೇಕಿಲ್ಲ.

ಕೊನೆಗೆ ಒಂದು ಸಣ್ಣ ವಿಷಯ, ನಿಮ್ಮ ಮಗನೂ ಕೇಳಿರಬಹುದು. ನಿಂತುಕೊಂಡು ಹಾಕುವ ಹೆಜ್ಜೆಗಳಲ್ಲಿ, ಅಂದರೆ ಟಾಪ್‌ರಾಕ್‌ನಲ್ಲಿ, ಮೊದಲು ಹೇಳಿಕೊಡುವ ಹೆಜ್ಜೆಗೆ ‘ಇಂಡಿಯನ್ ಸ್ಟೆಪ್’ ಅಂತ ಹೆಸರಿದೆ. ನಮ್ಮ ಹುಡುಗರು ಇದು ನಮ್ಮ ದೇಶದ್ದು ಅಂತ ಹಿಗ್ಗುತ್ತಾರೆ. ಅದು ನಾವಲ್ಲ. ಕೊಲಂಬಸ್ ದಾರಿ ತಪ್ಪಿ ಹೋಗಿ ‘ಇಂಡಿಯನ್’ ಅಂತ ಕರೆದ ಅಮೆರಿಕದ ಮೂಲನಿವಾಸಿಗಳ ಹೆಸರು. ಅವರನ್ನು ಯಾರೂ ಕೇಳದೆ ಇಟ್ಟದ್ದು. ಈಗ ಅನೇಕರು ಅದನ್ನು ಬಿಟ್ಟು ‘ಕ್ರಾಸ್ ಸ್ಟೆಪ್’ ಅನ್ನುತ್ತಾರೆ. ಕಾಲಿನ ಕೆಲಸ ಅದೇ: ಒಂದು ಕಾಲು ಇನ್ನೊಂದರ ಮುಂದೆ ಅಡ್ಡ ಬರಬೇಕು, ಎದೆ ತೆರೆಯಬೇಕು, ವಾಪಸ್ ಹೋಗಬೇಕು. ಕ್ಲಾಸಿನಲ್ಲಿ ಹಳೆಯ ಹೆಸರೇ ನಡೆಯುತ್ತಿದ್ದರೆ ಮೇಷ್ಟ್ರ ಹತ್ತಿರ ಒಂದು ಮಾತು ಹೇಳಿ ನೋಡಲಿ.