ಟ್ಯೂಮರ್ ಸಪ್ರೆಸರ್: ಅದುಮುವುದು ಏನನ್ನು?

‘ಕ್ಯಾನ್ಸರ್ ಗಡ್ಡೆಯನ್ನು ಕೊಲ್ಲುವ ಪ್ರೋಟೀನ್.’ ಪಿ53 ಬಗ್ಗೆ ಈ ಮಾತನ್ನು ಮೊನ್ನೆ ಮತ್ತೆ ಓದಿದೆ. ಎಷ್ಟನೇ ಸಲವೋ ಲೆಕ್ಕವಿಲ್ಲ. ಪಿ53 ಒಂದು ಟ್ಯೂಮರ್ ಸಪ್ರೆಸರ್, ಅಂದರೆ ಕೋಶ ಕ್ಯಾನ್ಸರ್ ಆಗದಂತೆ ತಡೆಯುವ ಪ್ರೋಟೀನ್; ಗಡ್ಡೆ ಕೊಲ್ಲುವಂಥದ್ದಲ್ಲ. ಬೆಳೆದು ನಿಂತ ಗಡ್ಡೆಯ ಮೇಲೆ ಹೋಗಿ ಬೀಳುವುದು ಅದರ ಕೆಲಸವೇ ಅಲ್ಲ. ಪಿ53 ಕೆಲವೊಮ್ಮೆ ಕೋಶವನ್ನು ಸಾಯಿಸುವುದು ನಿಜ. ಆದರೆ ಸಾಯುವುದು ಡಿಎನ್‌ಎ ಕೆಟ್ಟಿರುವ, ತಾನೇ ಒಳಗಿರುವ ಕೋಶ.

ಹೆಸರು ಎಲ್ಲಿಂದ ಬಂತು ನೋಡಿ. 1969ರಲ್ಲಿ ಹೆನ್ರಿ ಹ್ಯಾರಿಸ್ ಮತ್ತು ಸಂಗಡಿಗರು ಇಲಿಯ ಕ್ಯಾನ್ಸರ್ ಕೋಶಗಳನ್ನು ಕ್ಯಾನ್ಸರ್ ಗುಣವಿಲ್ಲದ ಕೋಶಗಳ ಜೊತೆ ಬೆಸೆದರು. ಬೆಸೆದ ಕೋಶಗಳು ಗಡ್ಡೆ ಕಟ್ಟುವುದನ್ನು ಬಿಟ್ಟವು. ಕೆಲವು ಕ್ರೋಮೋಸೋಮ್ ಕಳೆದುಕೊಂಡ ಮೇಲೆ ಮತ್ತೆ ಕಟ್ಟತೊಡಗಿದವು. ಅಂದರೆ ಆ ಕ್ರೋಮೋಸೋಮ್‌ಗಳಲ್ಲಿದ್ದ ಏನೋ ಒಂದು, ಗಡ್ಡೆ ಕಟ್ಟುವ ಗುಣವನ್ನು ಅದುಮಿ ಹಿಡಿದಿತ್ತು. ಅದುಮಿದ್ದು ಗುಣವನ್ನು, ಗಡ್ಡೆಯನ್ನಲ್ಲ.

ಇನ್ನೊಂದು ಗೊಂದಲ ಇದಕ್ಕಿಂತ ಹಠಮಾರಿ. ಸಪ್ರೆಸರ್ ಅಂದಮೇಲೆ ಜೀನ್‌ಗಳನ್ನು ಆಫ್ ಮಾಡುತ್ತದೆ, ಅಲ್ವಾ?

ಆರ್‌ಬಿ ಎಂಬ ಇನ್ನೊಂದು ಸಪ್ರೆಸರ್ ಪ್ರೋಟೀನಿನ ಮಟ್ಟಿಗೆ ಹೌದು. ಕೋಶ ಎರಡಾಗುವ ಮುಂಚೆ ಡಿಎನ್‌ಎ ನಕಲಾಗಬೇಕು. ಅದಕ್ಕೆ ಬೇಕಾದ ಜೀನ್‌ಗಳನ್ನು ಎಬ್ಬಿಸುವ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ (ಡಿಎನ್‌ಎ ಹಿಡಿದು ಜೀನ್‌ಗಳನ್ನು ಆನ್ ಅಥವಾ ಆಫ್ ಮಾಡುವ ಪ್ರೋಟೀನ್) ಇ2ಎಫ್. ಆರ್‌ಬಿ ಹೋಗಿ ಕೂರುವುದು ಇ2ಎಫ್ ಮೇಲೆ. ಅದೂ ಎಲ್ಲೋ ಒಂದು ಕಡೆ ಅಲ್ಲ, ಜೀನ್ ಎಬ್ಬಿಸಲು ಇ2ಎಫ್ ಬಳಸುವ ಭಾಗದ ಮೇಲೇ. ಜೊತೆಗೆ ಆ ಜಾಗದ ಡಿಎನ್‌ಎ ಸುರುಳಿಯನ್ನು ಬಿಗಿ ಮಾಡುವ ಕಿಣ್ವಗಳನ್ನೂ ಕರೆತರುತ್ತದೆ. ಬೆಳೆಯಲು ಸೂಚನೆ ಬಂದಾಗ ಸಿಡಿಕೆ ಎಂಬ ಕಿಣ್ವಗಳು ಆರ್‌ಬಿಗೆ ಫಾಸ್ಫೇಟ್ ಅಂಟಿಸುತ್ತವೆ. ಹಿಡಿತ ಸಡಿಲವಾಗಿ ಇ2ಎಫ್ ಬಿಡಿಸಿಕೊಳ್ಳುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಇ7 ಪ್ರೋಟೀನ್ ಇದೇ ಹಿಡಿತವನ್ನು ಯಾವ ಸೂಚನೆಗೂ ಕಾಯದೆ ಬಿಡಿಸಿಬಿಡುತ್ತದೆ.

ಪಿ53 ದಾರಿ ಬೇರೆ. ಅದು ತಾನೇ ಒಂದು ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್. ನಾಲ್ಕು ಪಿ53 ಒಟ್ಟು ಸೇರಿ ಡಿಎನ್‌ಎ ಹಿಡಿಯುತ್ತವೆ, ಜೀನ್ ಆನ್ ಮಾಡುತ್ತವೆ. ಹಾಗೆ ಆನ್ ಆಗುವ ಒಂದು ಜೀನ್‌ನಿಂದ ತಯಾರಾಗುವ ಪಿ21 ಎಂಬ ಪ್ರೋಟೀನ್ ಹೋಗಿ ಸಿಡಿಕೆಗಳನ್ನು ತಡೆಯುತ್ತದೆ. ಆಗ ಆರ್‌ಬಿ ಹಿಡಿತ ಬಿಗಿಯಾಗಿಯೇ ಉಳಿಯುತ್ತದೆ. ಒಬ್ಬ ಸಪ್ರೆಸರ್ (ಪಿ53) ಜೀನ್ ಹಚ್ಚಿದ್ದರಿಂದಲೇ ಇನ್ನೊಬ್ಬನ (ಆರ್‌ಬಿ) ಕೈಯಲ್ಲಿರುವ ಜೀನ್‌ಗಳು ಆರಿರುತ್ತವೆ. ಸುಮ್ನೆ ‘ಜೀನ್ ಆಫ್ ಮಾಡುವ ಪ್ರೋಟೀನ್’ ಎಂದು ಬರೆದರೆ ಈ ಅರ್ಧ ಕಥೆಯೇ ಕಾಣೆ.

ನಾಲ್ಕು ಸೇರಬೇಕು ಎನ್ನುವುದಕ್ಕೆ ಇನ್ನೊಂದು ಮುಖವಿದೆ. ಜೀನ್‌ನಲ್ಲಿ ದೋಷವಾಗಿ ಕೆಟ್ಟ ಪಿ53 ಒಳ್ಳೆಯದರ ಜೊತೆ ಸೇರಿಕೊಂಡು ಇಡೀ ಗುಂಪನ್ನೇ ಕೆಡಿಸಬಲ್ಲದು. 1979ರಲ್ಲಿ ಸಿಕ್ಕ ಪಿ53 ಅನ್ನು ಸುಮಾರು ಹತ್ತು ವರ್ಷ ಕ್ಯಾನ್ಸರ್ ತರುವ ಪ್ರೋಟೀನ್ ಎಂದೇ ತಿಳಿದಿದ್ದರು. ಯಾಕೆಂದರೆ ಲ್ಯಾಬುಗಳು ಬಳಸುತ್ತಿದ್ದ ಪಿ53 ಜೀನ್‌ನ ಹಲವು ಪ್ರತಿಗಳು ಕೆಟ್ಟವಾಗಿದ್ದವು.

ಹಾಗಾಗಿ ಬಯಾಪ್ಸಿ ವರದಿಯಲ್ಲಿ ಪಿ53 ಜಾಸ್ತಿ ಎಂದು ಕಂಡರೆ ‘ಕಾವಲು ಗಟ್ಟಿಯಾಗಿದೆ’ ಎಂದು ಓದಬೇಡಿ. ಒಳ್ಳೆಯ ಪಿ53 ಮಾಮೂಲಿಯಾಗಿ ಬೇಗ ಕರಗಿಹೋಗುತ್ತದೆ. ಕರಗದೆ ಕೋಶದಲ್ಲಿ ಗುಡ್ಡೆ ಬೀಳುವುದು ಹೆಚ್ಚಾಗಿ ಕೆಟ್ಟದ್ದು.