ಹಾಲು ಒಗ್ಗದ ಮಗುವಿಗೆ ಲಸಿಕೆ ಹಾಕಿಸಬಹುದೇ?

ಅಕ್ಕನ ಮಗನಿಗೆ ಎಂಟು ತಿಂಗಳು ತುಂಬಿದ ವಾರ ರಾಗಿ ಸರಿಗೆ ಎರಡು ಚಮಚ ಹಸುವಿನ ಹಾಲು ಬೆರೆಸಿ ತಿನ್ನಿಸಿದ್ದರು. ಹತ್ತು ನಿಮಿಷವೂ ಆಗಿರಲಿಲ್ಲ, ತುಟಿ ಊದಿಕೊಂಡಿತು, ಬೆನ್ನ ಮೇಲೆಲ್ಲ ಪಿತ್ತಗಂಧೆ ಎದ್ದವು. ಆಸ್ಪತ್ರೆಗೆ ಓಡಿದ ಮೇಲೆ ಹಾಲಿನ ಅಲರ್ಜಿ ಎಂದು ಗೊತ್ತಾಯಿತು. ತಾಯಿ ಕಾರ್ಡು ನೋಡಿದರೆ ಮುಂದಿನ ತಿಂಗಳೇ ದಡಾರ-ರುಬೆಲ್ಲಾ ಲಸಿಕೆ. "ಲಸಿಕೆಯಲ್ಲೂ ಹಾಲು ಇರುತ್ತಂತೆ, ಹೌದೇನೋ?" ಎಂದು ಅಕ್ಕ ಫೋನ್ ಮಾಡಿದಳು. ನಾನು ನಕ್ಕುಬಿಟ್ಟೆ. ಆಮೇಲೆ ಓದುತ್ತ ಹೋದಂತೆ, ನಗಬಾರದಿತ್ತು ಅನ್ನಿಸಿತು.

ಹಾಲನ್ನು ಯಾರೂ ಲಸಿಕೆಗೆ ಸುರಿಯುವುದಿಲ್ಲ, ನಿಜ. ಆದರೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವಿನ ಲಸಿಕೆ ಮಾಡಲು ಮೊದಲು ಆ ಬ್ಯಾಕ್ಟೀರಿಯಾಗಳನ್ನೇ ಬೆಳೆಸಬೇಕು. ಅವುಗಳಿಗೂ ಹೊಟ್ಟೆಗೆ ಬೇಕಲ್ಲ! ಹಾಲಿನ ಮುಖ್ಯ ಪ್ರೋಟೀನಾದ ಕೇಸೀನನ್ನು ಚೂರುಚೂರಾಗಿ ಒಡೆದು, ಆ ಅಮೈನೋ ಆಮ್ಲಗಳ ಸಾರನ್ನು ಉಣಿಸುವ ಪದ್ಧತಿ ಹಳೆಯದು. ಆಮೇಲೆ ಎಷ್ಟೇ ಶೋಧಿಸಿದರೂ, ಸರಿಯಾಗಿ ಒಡೆಯದ ಕೇಸೀನಿನ ಲವಲೇಶ ಉಳಿದುಬಿಡಬಹುದು.

2011ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್‌ನ ವೈದ್ಯರು ಇದನ್ನು ಅಳೆದು ಪ್ರಕಟಿಸಿದರು. ಹಾಲಿಗೆ ತೀವ್ರ ಅಲರ್ಜಿಯಿದ್ದ 8 ಮಕ್ಕಳಿಗೆ ಈ ಮೂರು ರೋಗಗಳ ಲಸಿಕೆ ಹಾಕಿದಾಗ ಅಲರ್ಜಿ ಕಾಣಿಸಿಕೊಂಡಿತ್ತು. ಸೀಸೆಗಳನ್ನು ಪರೀಕ್ಷಿಸಿದರೆ ಮಿಲಿಲೀಟರಿಗೆ 8ರಿಂದ 18 ನ್ಯಾನೋಗ್ರಾಂ ಕೇಸೀನು ಸಿಕ್ಕಿತು. ನ್ಯಾನೋಗ್ರಾಂ ಎಂದರೆ ಗ್ರಾಂನ ನೂರು ಕೋಟಿಯಲ್ಲೊಂದು ಪಾಲು. ನಾನೇ ಒಂದು ಲೆಕ್ಕ ಹಾಕಿ ನೋಡಿದೆ: ಅಡುಗೆಮನೆಯ ಒಂದು ಹನಿ ಹಾಲಿನಲ್ಲಿ ಒಂದು ಮಿಲಿಗ್ರಾಂಗಿಂತ ಹೆಚ್ಚು ಕೇಸೀನು ಇರುತ್ತದೆ. ಅರ್ಧ ಮಿಲಿಲೀಟರಿನ ಡೋಸಿನಲ್ಲಿ ಹೆಚ್ಚೆಂದರೆ ಒಂಬತ್ತು ನ್ಯಾನೋಗ್ರಾಂ. ಅಂದರೆ ಆ ಒಂದು ಹನಿಯನ್ನು ಒಂದು ಲಕ್ಷಕ್ಕೂ ಹೆಚ್ಚು ಡೋಸುಗಳಿಗೆ ಹಂಚಬಹುದು! ಬಾಯಿಂದ ಹೋದದ್ದಕ್ಕೆ ಜಠರದ ಆಮ್ಲ ಎದುರಾಗುತ್ತದೆ, ಸೂಜಿಯಿಂದ ಹೋದದ್ದಕ್ಕೆ ಅದಿಲ್ಲ ಎನ್ನುವುದನ್ನೂ ಮರೆಯಬಾರದು. ಹಾಗಿದ್ದರೂ ಹಾಲಿನ ಅಲರ್ಜಿಯ ಬಹುಪಾಲು ಮಕ್ಕಳಿಗೆ ಈ ಲಸಿಕೆಯಿಂದ ಏನೂ ಆಗುವುದಿಲ್ಲ. ಅಲರ್ಜಿ ಇದೆಯೆಂದು ಅದನ್ನು ಬಿಡಿ ಎಂದು ಅಮೆರಿಕದ ಮಕ್ಕಳ ತಜ್ಞರ ಸಂಘವೂ ಹೇಳುವುದಿಲ್ಲ.

ದಡಾರದ ಕತೆ ಸ್ವಲ್ಪ ಬೇರೆ, ಅದರ ಎಳೆ ನಮ್ಮ ಪುಣೆಯವರೆಗೂ ಬರುತ್ತದೆ. 2014ರಲ್ಲಿ ಬ್ರೆಜಿಲ್ ದೇಶ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆಯ ಅಭಿಯಾನ ನಡೆಸಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಲಸಿಕೆ ಪಡೆದ, ಹಾಲಿನ ಅಲರ್ಜಿಯಿದ್ದ ಕೆಲವು ಮಕ್ಕಳಲ್ಲಿ ಅಲರ್ಜಿ ಕಂಡುಬಂತು. ಆ ಲಸಿಕೆಯಲ್ಲಿ ಲ್ಯಾಕ್ಟಾಲ್ಬುಮಿನ್ ಹೈಡ್ರೋಲೈಸೇಟ್ ಎಂಬ ಪದಾರ್ಥವಿತ್ತು. ಹೆಸರು ಭಾರ, ಅರ್ಥ ಸರಳ: ಒಡೆದ ಹಾಲಿನ ಪ್ರೋಟೀನು. ಇಂಥ ಮಕ್ಕಳಿಗೆ ಆ ಲಸಿಕೆ ಕೊಡಬೇಡಿ ಎಂದು ಅಲ್ಲಿನ ಆರೋಗ್ಯ ಸಚಿವಾಲಯ ಸೂಚಿಸಿತು. ದಡಾರದ ಲಸಿಕೆಯೇ ಬೇಡ ಎಂದಲ್ಲ, ಆ ಪದಾರ್ಥವಿಲ್ಲದ ಬೇರೆ ತಯಾರಕರದನ್ನು ಕೊಡಬಹುದು. "ಲಸಿಕೆಯಲ್ಲಿ ಹಾಲಿದೆಯೇ" ಎಂದು ಕೇಳಿದರೆ ಸಾಲದು, ಯಾವ ಲಸಿಕೆ, ಯಾರು ಮಾಡಿದ್ದು, ಎಂಥ ಅಲರ್ಜಿಯ ಮಗು ಎಂದೂ ಕೇಳಬೇಕು.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುವುದನ್ನೂ ನಾವು ಅಲರ್ಜಿ ಎಂದೇ ಕರೆಯುತ್ತೇವೆ. ಅದು ಸಾಮಾನ್ಯವಾಗಿ ಲ್ಯಾಕ್ಟೋಸ್ ಎಂಬ ಸಕ್ಕರೆ ಅರಗದ ತೊಂದರೆ. ಅದಕ್ಕೂ ಲಸಿಕೆಯ ಅಲರ್ಜಿಗೂ ಸಂಬಂಧವಿಲ್ಲ.

ಅಕ್ಕನನ್ನು ಕಾಡಿದ್ದು ಅನಾಫಿಲಾಕ್ಸಿಸ್ ಎಂಬ ಪದ: ಉಸಿರು ಕಟ್ಟಿ ರಕ್ತದೊತ್ತಡ ಕುಸಿಯುವ ತೀವ್ರ ಅಲರ್ಜಿ. ಎಲ್ಲ ಬಗೆಯ ಲಸಿಕೆ ಸೇರಿಸಿ ಅಮೆರಿಕದಲ್ಲಿ ಎರಡೂವರೆ ಕೋಟಿ ಡೋಸುಗಳನ್ನು ಪರಿಶೀಲಿಸಿದ 2016ರ ಅಧ್ಯಯನಕ್ಕೆ ಸಿಕ್ಕಿದ್ದು 33 ಪ್ರಕರಣ. ಹತ್ತು ಲಕ್ಷ ಡೋಸಿಗೆ ಒಂದಕ್ಕಿಂತ ತುಸು ಹೆಚ್ಚು. ತಕ್ಷಣ ತೊಡೆಗೆ ಅಡ್ರಿನಾಲಿನ್ ಚುಚ್ಚುವುದೇ ಇದಕ್ಕೆ ಮೊದಲ ಮದ್ದು. ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಕೂರಿಸುವುದು ಇದಕ್ಕಾಗಿಯೇ, ಸಿಸ್ಟರು ಸುಮ್ಮನೆ ಗದರುವುದಿಲ್ಲ.

ಅಕ್ಕ ವೈದ್ಯರಿಗೆ ಮೊದಲೇ ಎಲ್ಲ ಹೇಳಿದಳು. ಹಾಲು ತಿಂದ ಎಷ್ಟು ಹೊತ್ತಿಗೆ ಊದಿತು, ಉಸಿರು ಕಟ್ಟಿತ್ತೇ, ಹಿಂದಿನ ಲಸಿಕೆಗಳು ಒಗ್ಗಿದ್ದವೇ ಎಂದು ಅವರು ಕೇಳಿದರು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವೂ ಸೇರಿ ಐದು ರೋಗಗಳಿಗೆ ಒಟ್ಟಿಗೆ ಹಾಕುವ ಪೆಂಟಾವೇಲೆಂಟ್ ಲಸಿಕೆಯ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಡೋಸುಗಳು ಮೂರೂ ಸಲೀಸಾಗಿ ಆಗಿದ್ದವು. ಸೀಸೆಯ ಪೆಟ್ಟಿಗೆಯೊಳಗಿನ ಮಡಚಿದ ಚೀಟಿಯನ್ನು ಬಿಡಿಸಿ, ಕನ್ನಡಕ ಹಣೆಗೇರಿಸಿ, ಇರುವೆ ಸಾಲಿನಂಥ ಅಕ್ಷರಗಳನ್ನು ಓದಿದರು. ಅಂಗನವಾಡಿಯಲ್ಲಿ ಬೇಡ, ಆಸ್ಪತ್ರೆಯಲ್ಲೇ ಹಾಕೋಣ, ಒಂದು ಗಂಟೆ ಇಲ್ಲೇ ಇರಿ ಎಂದರು.

ಸೂಜಿ ಚುಚ್ಚಿದಾಗ ಮಗು ಆಸ್ಪತ್ರೆ ಹಾರಿಹೋಗುವಂತೆ ಅತ್ತಿತು, ಬೇರೇನೂ ಆಗಲಿಲ್ಲ. ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದ ಅಜ್ಜಿಯೊಬ್ಬರು ಅಳು ನೋಡಲಾರದೆ ಬಿಸ್ಕತ್ತು ಚಾಚಿದರು. ಅಕ್ಕ ಪೊಟ್ಟಣ ಇಸಿದುಕೊಂಡು ಹಿಂದೆ ತಿರುಗಿಸಿ ನೋಡಿದಳು. ಹಾಲಿನ ಪುಡಿ.